ಮಾವನ ಕೋವಿಗೆ ಹೊಸ ನಳಿಗೆ

ಹೊರಮಾವಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳಿಗೂ ಚಳಿಗಾಲದ ರಗ್ಗುಗಳಿಗೂ ನಡುವೆ, ಬೀರುವಿನೊಳಗೆ ಬೇಟೆಯ ಕೋವಿಯೊಂದು ಎರಡು ವರ್ಷ ಮಲಗಿತ್ತು ಎಂದ ಮಾತ್ರಕ್ಕೆ ನೀವು ನನ್ನನ್ನು ಶೂರನೆಂದು ಭಾವಿಸಬಾರದು. ಜಿರಳೆ ಹಾರಿದರೆ ಕುರ್ಚಿ ಹತ್ತುವವನು ನಾನು. ಕೋವಿ ನನ್ನ ಸೋದರಮಾವನದು. ಅವರು ತೀರಿಕೊಂಡ ಮೇಲೆ ಮಗಳು ಬೇಡವೆಂದಳು. ಲೈಸೆನ್ಸು ನನ್ನ ಹೆಸರಿಗೆ ಬಂತು. ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶದ ನಂತರ ಮರಳಿ ತರಬೇಕು. ಪ್ರಜಾಪ್ರಭುತ್ವದಲ್ಲಿ ನನಗಿಂತ ಅದೇ ಹೆಚ್ಚು ಓಡಾಡಿದೆ.

ಮಾವ ರೈಲ್ವೆ ಕಚೇರಿಯ ಗುಮಾಸ್ತರಾಗಿದ್ದರೂ ಬಂಧುಬಳಗಕ್ಕೆ ಬೇಟೆಗಾರರೇ. ಬೇಟೆಗೆ ಇನ್ನೂ ನಿಷೇಧವಿಲ್ಲದ ಕಾಲದಲ್ಲಿ, ನುಗ್ಗಿ ಬಂದ ಒಂಟಿ ಹಂದಿಯನ್ನು ಒಂದೇ ಗುಂಡಿಗೆ ಕೆಡವಿದ ಅವರ ಕಥೆಯನ್ನು ಕೇಳದೆ ನಮ್ಮಲ್ಲಿ ಯಾವ ಮದುವೆಯ ಊಟವೂ ಮುಗಿಯುತ್ತಿರಲಿಲ್ಲ. ಅವರ ವರ್ಷಾಬ್ದಿಕದ ದಿನ ಷಡ್ಡಕನೊಬ್ಬ, "ಆ ಕೋವಿಗೆ ಈಗ ತೋಟಾನೇ ಸಿಗಲ್ಲ, ಬಟ್ಟೆ ಒಣಹಾಕೋಕೆ ಇಟ್ಕೊಳ್ಳಿ" ಎಂದು ನಕ್ಕ. ನನಗೆ ರೋಷ ಬಂತು. ಹಳೆಯ ನಳಿಗೆ ತೆಗೆಸಿ, ಈಗ ಸಿಗುವ ತೋಟಾದ ಅಳತೆಗೆ ಹೊಸದನ್ನು ಕೂರಿಸಿದರೆ ಮಾವನ ಮರ್ಯಾದೆ ಉಳಿಯುತ್ತದೆಂದು ನಿಶ್ಚಯಿಸಿದೆ. ಹೊಡೆಯುವುದು ಏನನ್ನು ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಕೋವಿ ರಿಪೇರಿ ಮಾಡುವ ಬಾಷಾ ಸಾಹೇಬರು ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ಇಣುಕಿದರು.

"ಯಾರು ಸಾರ್ ಹೊಡೀತಿದ್ದಿದ್ದು?"

"ನಮ್ಮ ಮಾವ. ದೊಡ್ಡ ಬೇಟೆಗಾರರು."

"ಒಳಗೆ ಕನ್ನಡಿ ಥರ ಐತೆ. ಇದ್ರಲ್ಲಿ ಗುಂಡು ಹೋಗೇ ಇಲ್ಲ ಅನ್ಸುತ್ತೆ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಪರ್ಮಿಶನ್ ತನ್ನಿ, ಬದಲಾಯಿಸ್ಕೊಡ್ತೀನಿ. ಆದ್ರೆ ಇಷ್ಟು ಒಳ್ಳೇ ನಳಿಗೆ ತೆಗೆಯೋಕೆ ಮನಸ್ಸು ಬರಲ್ಲ ಸಾರ್."

ಲೈಸೆನ್ಸು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಕಾರಣ ಬರೆಯುವ ಜಾಗ ಖಾಲಿ ಇರುವುದನ್ನು ಕಂಡ ಅಧಿಕಾರಿ ಕನ್ನಡಕ ತೆಗೆದರು. "ಬೇಟೆ ಆಡಂಗಿಲ್ಲ. ಕಾಯೋಕೆ ಹೊಲ ಇದ್ಯಾ?"

"ಬಾಲ್ಕನಿಯಲ್ಲಿ ನಾಲ್ಕು ಕುಂಡ ಇವೆ."

ಅವರು ನಗಲಿಲ್ಲ. "ಯೋಚ್ನೆ ಮಾಡಿ ಬರ್ಕೊಂಡು ಬನ್ರೀ," ಎಂದು ಕಾಗದವನ್ನು ನನ್ನ ಕಡೆಗೇ ತಳ್ಳಿದರು.

ಅಲ್ಲಿಂದ ನೇರವಾಗಿ ಬೆನ್ಸನ್ ಟೌನಿಗೆ, ಮಗಳ ಜೊತೆ ಇರುವ ಅತ್ತೆಯ ಬಳಿಗೆ ಹೋದೆ. ಬಾಷಾ ಸಾಹೇಬರ ಮಾತನ್ನು ಮುಚ್ಚಿಡಬೇಕೆಂದಿದ್ದೆ. ಎಂಬತ್ತು ದಾಟಿದ ಆ ಜೀವಕ್ಕೆ ಗಂಡ ಸುಳ್ಳುಗಾರನೆಂದು ತಿಳಿಸುವ ಅಗತ್ಯವೇನಿತ್ತು? ಆದರೆ ಅವರು ಅವರೆಕಾಯಿ ಬಿಡಿಸುತ್ತ ನನ್ನನ್ನು ಒಮ್ಮೆ ನೋಡಿದ್ದೇ, ನಾನು ಎಲ್ಲ ಹೇಳಿಬಿಟ್ಟೆ.

"ಹಂದಿ ಎದುರಿಗೆ ಬಂದಾಗ ಅವರು ಹೆದ್ರಿ ನೆಲಕ್ಕೆ ಕೂತ್ಬಿಟ್ರು ಕಣೋ," ಎಂದರು ಅತ್ತೆ, ಶಾಂತವಾಗಿ. "ಹೊಡೆದದ್ದು ಪಕ್ಕದ ಹೊಲದವನು. ಮನೆಗೆ ಬಂದು ನನ್ನ ಮುಂದೆ ಅತ್ರು. ನಮ್ಮಣ್ಣಂದಿರು ಆಡ್ಕೋತಾರೆ ಅಂತ, ಇವರೇ ಹೊಡೆದ್ರು ಅಂತ ಮೊದಲು ಹೇಳಿದ್ದು ನಾನೇ. ಆಮೇಲೆ ಹೇಳಿ ಹೇಳಿ ಅವರಿಗೇ ನಿಜ ಅನ್ನಿಸ್ಬಿಡ್ತು."

ಇಷ್ಟು ವರ್ಷ ನಾವೆಲ್ಲ ಚಪ್ಪರದಡಿ ಬಾಯಿ ಬಿಟ್ಟು ಕೇಳಿದ್ದು ಈ ಹೆಂಗಸಿನ ಸೃಷ್ಟಿಯನ್ನು. ಪಂಕ್ತಿಯಲ್ಲಿ ಮಾವ ಕೈಯಾಡಿಸುತ್ತ ಮೆರೆಯುತ್ತಿದ್ದಾಗ ಆಕೆ ಮೌನವಾಗಿ ತಿಳಿಸಾರು ಬಡಿಸುತ್ತ ಹೋಗುತ್ತಿದ್ದರು. ಅದನ್ನು ನಾವು ಪತಿಭಕ್ತಿಯೆಂದು ಬಗೆದಿದ್ದೆವು.

ನಾನು ಅರ್ಜಿಯನ್ನು ಹರಿದೆ. ಮುಂದಿನ ವಾರ ಕೋವಿಯನ್ನು ಶಾಶ್ವತವಾಗಿ ಸರ್ಕಾರಕ್ಕೆ ಒಪ್ಪಿಸಲು ಹೊರಟಾಗ ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ಠಾಣೆಯಲ್ಲಿ ಪೇದೆ ರಸೀದಿ ಬರೆಯುತ್ತಿದ್ದಷ್ಟು ಹೊತ್ತೂ ಅವರ ಕಣ್ಣು ಮೇಜಿನ ಮೇಲಿದ್ದ ಕೋವಿಯಿಂದ ಕದಲಲಿಲ್ಲ.

ಹಿಂದಿರುಗುವಾಗ ಆಟೋ ಸಿಗ್ನಲ್ಲಿನಲ್ಲಿ ನಿಂತಿತು.

"ಅವರಿಗೆ ಅದನ್ನ ಮುಟ್ಟೋಕೂ ಭಯ," ಎಂದರು ಅತ್ತೆ. "ಪ್ರತಿ ತಿಂಗಳೂ ಒರೆಸಿ ಎಣ್ಣೆ ಹಾಕ್ತಿದ್ದೋಳು ನಾನು."

"ಪಾಪ, ನಿಮಗೆ ಅದೊಂದು ಕೆಲಸ," ಎಂದೆ.

"ಕೆಲಸ ಏನು ಬಂತು? ಒಂದೇ ಒಂದು ಸಲ ಹಾರಿಸಿ ನೋಡ್ಬೇಕು ಅಂತಿತ್ತು ಕಣೋ ನನಗೆ."

ಹಸಿರು ದೀಪ ಹತ್ತಿತು. ಅತ್ತೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಆಟೋದವನಿಗೆ ಎಡಕ್ಕೆ ತಿರುಗಲು ಹೇಳಿದರು.