ಹಾಸಿಗೆಗೊಂದು ಬ್ಯಾಟರಿ

ನಮ್ಮ ವ್ಯಾನನ್ನು ನಾವು ಸಮತಟ್ಟು ಜಾಗದಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ಎಲ್ಲಿಗೆ ಹೋದರೂ ಮಾವ ಮೊದಲು ಹುಡುಕುತ್ತಿದ್ದುದು ಇಳಿಜಾರನ್ನು. ಗಾಡಿಯ ಮೂತಿ ಕೆಳಕ್ಕೆ ಬರುವಂತೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಆಮೇಲೆ ಅಪ್ಪ ಮಲಗಿದ್ದ ಕಡೆಯ ಬಾಗಿಲು ತೆರೆಯುತ್ತಿದ್ದ. ವಾಪಸು ಹೊರಡುವಾಗ ಕಲ್ಲು ತೆಗೆದು, ಗಾಡಿಯನ್ನು ಉರುಳಲು ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಒಂದೆರಡು ಸಲ ಕೆಮ್ಮಿ ಹೊತ್ತಿಕೊಳ್ಳುತ್ತಿತ್ತು. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವಷ್ಟು ಶಕ್ತಿ ಬ್ಯಾಟರಿಯಲ್ಲಿ ಅಷ್ಟು ಹೊತ್ತಿಗೆ ಉಳಿದಿರುತ್ತಿರಲಿಲ್ಲ.

ಹೀಗಾಗಿ ಅಪ್ಪ ಆ ವರ್ಷ ನೋಡಿದ್ದೆಲ್ಲ ದಿಬ್ಬದ ಮೇಲಿನ ಜಾಗಗಳನ್ನೇ. ಅವರಿಗೆ ಬೇಕಾಗಿದ್ದುದು ನೀರು. ನೀರು ಇರುವುದು ಯಾವಾಗಲೂ ಇಳಿಜಾರಿನ ಕೊನೆಯಲ್ಲಿ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದ ದಿನವೂ ವ್ಯಾನು ರಸ್ತೆಯ ಏರಿನಲ್ಲೇ ಉಳಿಯಿತು. ಕೆಳಗೆ ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದರು. ಮಾವುತರ ಕೂಗು, ನೀರು ಚಿಮ್ಮುವ ಸದ್ದು ಎಲ್ಲವೂ ಅಪ್ಪನಿಗೆ ಕೇಳಿಸಿತು. "ಒಂದು ಬೆನ್ನಾದ್ರೂ ಕಾಣುತ್ತೇನೋ ನೋಡೇ" ಎಂದು ನನ್ನನ್ನು ಕೇಳಿದರು. ನಾನು ಕೆಳಗಿಳಿದು ಹೋಗಿ ನೋಡಿ ಬಂದು ವರ್ಣಿಸಿದೆ. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: ಆನೆ ಏಳು. ಅಪ್ಪ ನೋಡಿದ್ದು ಸೊನ್ನೆ.

ಆ ವ್ಯಾನು ಮೊದಲು ಅಪ್ಪನ ದುಡಿಮೆಯ ಗಾಡಿ. ಧರ್ಮಸ್ಥಳ, ಹೊರನಾಡು, ಜೋಗ ಅಂತ ಶಿವಮೊಗ್ಗದ ಕುಟುಂಬಗಳನ್ನು ಟೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಭದ್ರಾವತಿಯಲ್ಲಿ ಯಾರದೋ ಮನೆಯ ಮುಂದೆ, ಮೇಲಿನ ಕ್ಯಾರಿಯರಿಗೆ ಹಾಸಿಗೆ ಸುರುಳಿಗಳನ್ನು ಕಟ್ಟುವಾಗ ಹಗ್ಗ ಜಾರಿ ಬೆನ್ನಡಿಯಾಗಿ ಬಿದ್ದರು. ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು. ನಾನು ಆಗ ಪಿಯುಸಿ ಪರೀಕ್ಷೆ ಬರೆದು ಕುಳಿತಿದ್ದೆ. ವ್ಯಾನು ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತು. ಮಾರಬೇಕೆಂದು ಮಾತಾಡಿಕೊಂಡಿದ್ದೆವು. ಆದರೆ ಅಮ್ಮನ ತಮ್ಮ, ಅಂದರೆ ಈ ಮಾವ, ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದವನು, ಒಂದು ದಿನ ಸೀಟುಗಳನ್ನೆಲ್ಲ ಕಿತ್ತು ಒಳಗೆ ಕಬ್ಬಿಣದ ಮಂಚ ಕೂರಿಸಿದ. ಮಲಗಿದವರ ಕಣ್ಣು ಕಿಟಕಿಯ ಮಟ್ಟಕ್ಕೆ ಬರುವಷ್ಟು ಎತ್ತರ. "ಇಷ್ಟು ದಿನ ಊರೋರಿಗೆಲ್ಲ ಟೂರ್ ಮಾಡ್ಸಿದ್ದಾಯ್ತು ಭಾವ, ಇನ್ನು ನೀವು ಮಾಡಿ" ಎಂದ.

ಮಂಚದ ಮೇಲೆ ಗಾಳಿಯ ಹಾಸಿಗೆ. ಅದರ ಕೊಳವೆಗಳಿಗೆ ಒಂದು ಚಿಕ್ಕ ಪಂಪು ಸರದಿಯಂತೆ ಗಾಳಿ ತುಂಬಿ ತೆಗೆಯುತ್ತಿರುತ್ತದೆ. ಅಪ್ಪನ ಮೈಯ ಒಂದೇ ಜಾಗ ಬಹಳ ಹೊತ್ತು ಒತ್ತಿಕೊಂಡಿದ್ದರೆ ಅಲ್ಲಿಯ ಮಾಂಸ ಸಾಯುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಮೊದಲ ವರ್ಷ ಹಾಗೆ ಸೊಂಟದ ಹಿಂದೆ ಆದ ಹುಣ್ಣು ಮೂಳೆಯವರೆಗೆ ಹೋಗಿತ್ತು. ಅದು ಮಾಯುವಷ್ಟರಲ್ಲಿ ಅಮ್ಮನ ತಲೆ ಅರ್ಧ ನರೆತಿತ್ತು. "ಇನ್ನೊಂದು ಇಂಥದ್ದು ಬಂದರೆ ನಾನು ಯಾವ ಭರವಸೆಯೂ ಕೊಡಲಾರೆ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ವ್ಯಾನಿನಲ್ಲಿ ಆ ಪಂಪು, ಜೊತೆಗೊಂದು ಫ್ಯಾನು, ಎರಡೂ ಗಾಡಿಯ ಬ್ಯಾಟರಿಯಿಂದಲೇ ನಡೆಯಬೇಕಿತ್ತು.

ಜನವರಿಯ ಒಂದು ಭಾನುವಾರ ಗಾಜನೂರಿನ ರಸ್ತೆಯ ದಿಬ್ಬದಲ್ಲಿ ನಿಂತಿದ್ದೆವು. ಗಾಳಿ ಜೋರಾಗಿತ್ತು. ಬ್ಯಾಟರಿ ಬರಿದಾಗಿ ಪಂಪಿನ ಗುಂಯ್ ಸದ್ದು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಹೊದಿಕೆ ಸರಿಪಡಿಸಲು ಅಮ್ಮ ಅಪ್ಪನ ಸೊಂಟದ ಕೆಳಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಹಾಸಿಗೆಯ ಗಾಳಿ ಇಳಿದು ಕೈಗೆ ಸಿಕ್ಕಿದ್ದು ಮಂಚದ ತಗಡು. ಅಪ್ಪ ಮೋಡ ನೋಡುತ್ತಾ ಯಾವುದೋ ಹಳೆ ಟೂರಿನ ಕಥೆ ಹೇಳುತ್ತಲೇ ಇದ್ದರು.

ಮರುದಿನ ಅಂಗೈಯಗಲದ ಕೆಂಪು ಗುರುತು ಎದ್ದಿತ್ತು. ನಾನು ದಿನಾ ಅದನ್ನು ಸ್ಕೇಲಿನಲ್ಲಿ ಅಳೆದು ಬರೆದಿಟ್ಟೆ. ಅದು ಹುಣ್ಣಾಗದೆ ಮಾಸಿತು. ಆದರೆ ಅಮ್ಮ ವ್ಯಾನಿನ ಕೀಲಿಯನ್ನು ಅಕ್ಕಿ ಡಬ್ಬದೊಳಗೆ ಹಾಕಿದಳು. "ಇನ್ನು ಅದರ ಸುದ್ದಿ ಎತ್ತಬೇಡಿ."

ಅಪ್ಪ ಜಗಳವಾಡಲಿಲ್ಲ. ಊಟ ಬಿಡುತ್ತಾ ಬಂದರು. ಮೊದಲು ರಾತ್ರಿಯ ರೊಟ್ಟಿ, ಆಮೇಲೆ ಮಧ್ಯಾಹ್ನದ ಮುದ್ದೆ. ಕುತ್ತಿಗೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡರೆ ನಾವು ಕರೆದರೂ ಈ ಕಡೆ ನೋಡುತ್ತಿರಲಿಲ್ಲ. ಡೈರಿಯಲ್ಲಿ ಆ ದಿನಗಳ ಪುಟಗಳಲ್ಲಿ ನಾಲ್ಕು ತುತ್ತು, ಎರಡು ತುತ್ತು, ಬರೀ ಮಜ್ಜಿಗೆ ಎಂದಷ್ಟೇ ಇದೆ. ಒಂದು ಸಂಜೆ ನಾನು ತಟ್ಟೆ ಹಿಡಿದು ಕೂತಿದ್ದಾಗ ಗೋಡೆಗೆ ಹೇಳುವಂತೆ ಹೇಳಿದರು: "ಹೊಳೆಹೊನ್ನೂರಲ್ಲಿ ಹೊಳೆ ಹತ್ರ ಒಂದ್ಸಲ ಕರ್ಕೊಂಡು ಹೋಗಿ. ಮೇಲೆ ಅಲ್ಲ, ನೀರಿನ ಪಕ್ಕ. ಆಮೇಲೆ ನಾನೇನೂ ಕೇಳಲ್ಲ."

ಅವರು ಹುಟ್ಟಿದ್ದು ಅಲ್ಲೇ, ಈಜು ಕಲಿತದ್ದು ಭದ್ರೆಯಲ್ಲೇ. ಆದರೆ ನನ್ನನ್ನು ಹೆದರಿಸಿದ್ದು ಕೊನೆಯ ಮಾತು. ಏನೂ ಕೇಳದ ಮನುಷ್ಯ ಎಷ್ಟು ದಿನ ಇರುತ್ತಾನೆ?

ಮಾವನನ್ನು ಎಳೆದುಕೊಂಡು ಶಿವಮೊಗ್ಗದ ಬ್ಯಾಟರಿ ಅಂಗಡಿಗಳನ್ನು ಸುತ್ತಿದೆ. ಎರಡು ಬ್ಯಾಟರಿ ಕೊಳ್ಳುವ ಸ್ಥಿತಿ ನಮಗಿರಲಿಲ್ಲ. ಒಂದೇ, ಅದೂ ಸರಿಯಾದದ್ದಾಗಿರಬೇಕು. ಮೊದಲ ಅಂಗಡಿಯವನು ಮಾತು ಮುಗಿಸಲೇ ಬಿಡಲಿಲ್ಲ.

"ಡೀಸೆಲ್ ವ್ಯಾನಾ? ಕಣ್ಮುಚ್ಚಿ ಇದನ್ನ ತಗೊಂಡು ಹೋಗಿ. ಲಾರಿಯೋರೆಲ್ಲ ಇದನ್ನೇ ಹಾಕ್ಸೋದು. ಕೀ ಮುಟ್ಟೋದೇ ತಡ."

"ಗಾಡಿ ನಿಂತಿದ್ದಾಗ ಒಂದು ಪಂಪು, ಒಂದು ಫ್ಯಾನು ಎಷ್ಟು ಗಂಟೆ ನಡೆಸುತ್ತೆ?" ಎಂದು ಕೇಳಿದೆ.

"ನಿಂತ ಗಾಡೀಲಿ ಫ್ಯಾನ್ ಯಾಕಮ್ಮ? ಕಿಟಕಿ ತೆಗೀರಿ."

ಎರಡನೆಯದು ಇನ್ವರ್ಟರ್ ಅಂಗಡಿ. ಕರೆಂಟು ಹೋದಾಗ ಮನೆಗಳಲ್ಲಿ ದೀಪ ಉರಿಸುವ ಎತ್ತರದ ಬ್ಯಾಟರಿಗಳು ಅಲ್ಲಿ ಸಾಲಾಗಿದ್ದವು. ಇದನ್ನು ವ್ಯಾನಿನಲ್ಲಿಡಬಹುದೇ ಎಂದದ್ದಕ್ಕೆ ಆತ ಮಾವನ ಮುಖ ನೋಡಿ, "ಏನ್ಸಾರ್, ವ್ಯಾನಿಗೆ ಗೃಹಪ್ರವೇಶ ಮಾಡಿದ್ದೀರಾ?" ಎಂದು ನಕ್ಕ. ಮೂರನೆಯವನು ಹಳೆ ಡಬ್ಬಿಗೆ ಹೊಸ ಪ್ಲೇಟು ಹಾಕಿದ ರಿಪೇರಿ ಬ್ಯಾಟರಿ ತೋರಿಸಿ, ಗ್ಯಾರಂಟಿ ಕೇಳಿದಾಗ ದೇವರ ಪಟದ ಕಡೆ ಕೈ ತೋರಿಸಿದ. ಮನೆಗೆ ಬಂದರೆ ಅಪ್ಪ ಆ ಮಧ್ಯಾಹ್ನ ಏನೂ ತಿಂದಿರಲಿಲ್ಲ.

ಭದ್ರಾವತಿಗೆ ಹೋದದ್ದು ಬೇರೆ ದಾರಿಯಿಲ್ಲದೆ. ಮಾವನ ವರ್ಕ್‌ಶಾಪಿನಲ್ಲಿ ಯಾರೋ ಹೇಳಿದ್ದರು, ಹಳೇನಗರದಲ್ಲಿ ತಮಿಳರೊಬ್ಬರು ಬ್ಯಾಟರಿ ಚಾರ್ಜ್ ಮಾಡಿಕೊಡುತ್ತಾರೆ, ಮಾರುತ್ತಾರೆ ಕೂಡ ಎಂದು. ನಾವು ಹೊತ್ತು ತಂದಿದ್ದ ಹಳೆ ಬ್ಯಾಟರಿಯ ಮುಚ್ಚಳ ಬಿಚ್ಚಿ ಇಣುಕಿದವರೇ ಅವರು ಕೇಳಿದ್ದು, "ಡಿಸ್ಟಿಲ್ಡ್ ವಾಟರ್ ಬಿಟ್ಟು ಯಾವ ನೀರು ಹುಯ್ದಿದೀರ ಇದಕ್ಕೆ?"

ಮಾವ ಅಂಗಡಿಯ ಬೋರ್ಡು ಓದತೊಡಗಿದ.

"ಶಿವಮೊಗ್ಗದೋರು ತಾನೆ? ತುಂಗೆ ನೀರೇ ಇರ್ಬೇಕು. ನಿಮ್ಮೂರೋರೆಲ್ಲ ಹಂಗೇ ಅಪ್ಪಾ, ಸಿಹಿ ನೀರು ಸಿಹಿ ನೀರು ಅಂತ ಬ್ಯಾಟರಿಗೂ ಕುಡಿಸ್ತೀರಿ. ಅದಕ್ಕೆ ರುಚಿ ಗೊತ್ತಾಗುತ್ತಾ?"

"ಕಾಯ್ಸಿ ಆರ್ಸಿ ಶೋಧಿಸಿ ಹಾಕಿದ್ದೆ" ಎಂದು ಮಾವ ಗೊಣಗಿದ.

"ಒಗ್ಗರಣೆ ಒಂದು ಬಾಕಿ ಇತ್ತು."

ನನಗೆ ನಗು ಬರಲಿಲ್ಲ. ಅಪ್ಪನ ವಿಷಯ ಹೇಳಿದೆ. ಅವರು ನಗೆ ನಿಲ್ಲಿಸಿ ಸ್ಟೂಲು ಎಳೆದು ಕೂತರು. "ಗಾಡಿ ಓಡೋದು ಎಷ್ಟು ಹೊತ್ತು, ನಿಲ್ಲೋದು ಎಷ್ಟು ಹೊತ್ತು?"

ಅದು ನನ್ನ ಡೈರಿಯಲ್ಲಿತ್ತು. ಪ್ರತಿ ಸಲ ಹೊರಟ ಹೊತ್ತು, ನಿಂತ ಹೊತ್ತು, ಪಂಪು ನಡೆದ ಹೊತ್ತು ಎಲ್ಲವನ್ನೂ ಬರೆದಿದ್ದೆ. ಓಡುವುದು ಮುಕ್ಕಾಲು ಗಂಟೆ, ನಿಲ್ಲುವುದು ಮೂರು ನಾಲ್ಕು ಗಂಟೆ.

"ಹಂಗಾದ್ರೆ ಇದು ಚಕ್ರ ಇರೋ ಮನೆ ಕಣಮ್ಮಾ" ಎಂದರು. ಲಾರಿಯ ಬ್ಯಾಟರಿ ಸ್ಟಾರ್ಟ್ ಮಾಡುವಾಗ ಒಂದೇ ಸಲ ಜೋರಾಗಿ ಕೊಡುತ್ತದೆ, ಕೂಡಲೇ ತುಂಬಿಕೊಳ್ಳಬೇಕು. ಅದನ್ನು ಮೆಲ್ಲಗೆ ಗಂಟೆಗಟ್ಟಲೆ ಹೀರಿದರೆ ಬೇಗ ಸಾಯುತ್ತದೆ. ಇನ್ವರ್ಟರಿನದು ಸ್ವಲ್ಪ ಸ್ವಲ್ಪವೇ ದಿನವಿಡೀ ಕೊಡುತ್ತದೆ, ಆದರೆ ಎಂಜಿನ್ ಎಬ್ಬಿಸುವುದಕ್ಕೆ ಅದನ್ನು ನಂಬಬಾರದು. "ಎರಡೂ ಹಾಕಿಸ್ಕೊಳ್ಳಿ, ಚಿಂತೆ ಇಲ್ಲ."

"ಒಂದೇ ಆಗೋದು" ಎಂದ ಮಾವ.

"ಒಂದೇ ಅಂದ್ರೆ ನೀವೇ ಹೇಳ್ಬೇಕು. ಗಾಡಿ ನಿಲ್ಬಾರ್ದಾ, ಹಾಸಿಗೆ ಇಳೀಬಾರ್ದಾ?"

ಮಾವ ನನ್ನನ್ನು ಹೊರಗೆ ಕರೆದ. "ನೋಡು ಪುಟ್ಟಿ, ಹೊಳೆ ಪಕ್ಕ ಗಾಡಿ ನಿಂತುಹೋದ್ರೆ ಭಾವನ್ನ ಏನು ಹೊತ್ಕೊಂಡು ಬರ್ತೀಯಾ? ಲಾರೀದೇ ತಗೊಳ್ಳೋಣ."

"ಹಳೇದು ಬೆಳಿಗ್ಗೆ ಹೊತ್ತು ಒಂದು ದಿನಾನೂ ಕೈ ಕೊಟ್ಟಿಲ್ಲ ಮಾವ. ಪಂಪು ಬೇರೆಯದರಿಂದ ನಡೆದ್ರೆ ಇದು ಸ್ಟಾರ್ಟಿಗೆ ಸಾಕಾಗುತ್ತೆ."

"ಬೆಳಿಗ್ಗೆ ಸ್ಟಾರ್ಟ್ ಆಗೋದು ನಾನು ಹಿಂದಿನ ರಾತ್ರಿ ಚಾರ್ಜಿಗೆ ಹಾಕ್ತೀನಲ್ಲ ಅದಕ್ಕೆ ಕಣೆ. ಸಂಜೆ ತನಕ ನಿಲ್ಲುತ್ತೆ ಅಂತ ಎಲ್ಲಿ ಬರ್ದಿದ್ದೀಯ?"

ಎಲ್ಲೂ ಬರೆದಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಅಂಗೈಯಗಲದ ಕೆಂಪು. ಒಳಗೆ ಹೋಗಿ ಎತ್ತರದ ಇನ್ವರ್ಟರ್ ಬ್ಯಾಟರಿಯನ್ನು ತೋರಿಸಿದೆ. ಮಾವ ಆಮೇಲೆ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತ. ಆದರೂ ಅದು ತಿರುವಿನಲ್ಲಿ ವಾಲದಂತೆ ಮಂಚದ ಕೆಳಗೆ ಕಬ್ಬಿಣದ ಚೌಕಟ್ಟು ಹೊಡೆದವನು ಅವನೇ. ಹಳೆಯದನ್ನು ಎಂಜಿನ್ನಿಗೆ ಮಾತ್ರ ಬಿಟ್ಟು, ಪಂಪು ಮತ್ತು ಫ್ಯಾನಿನ ತಂತಿಗಳನ್ನೆಲ್ಲ ಹೊಸದಕ್ಕೆ ಕೊಟ್ಟ.

ಅಮ್ಮ ಒಪ್ಪಲಿಲ್ಲ. ಹಾಗಾಗಿ ಮನೆಯ ಮುಂದೆಯೇ ಪರೀಕ್ಷೆ ನಡೆಯಿತು. ಹಾಸಿಗೆಯ ಮೇಲೆ ಎರಡು ಅಕ್ಕಿ ಮೂಟೆ ಹಾಕಿ ಬೆಳಿಗ್ಗೆ ಪಂಪು ಶುರು ಮಾಡಿದೆವು. ಅಮ್ಮ ಸಾರಿಗೆ ಬೇಳೆ ಹಾಕಿ ಬಂದು ಮೂಟೆಯ ಕೆಳಗೆ ಕೈ ಹಾಕಿ ನೋಡಿದಳು, ಬಟ್ಟೆ ಒಗೆದು ಬಂದು ನೋಡಿದಳು. ದೀಪ ಹಚ್ಚುವ ಹೊತ್ತಿಗೂ ಪಂಪು ಅದೇ ದನಿಯಲ್ಲಿತ್ತು. ಮರುದಿನ ಬೆಳಿಗ್ಗೆಯೂ ಇತ್ತು. ಅಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಕೀಲಿ ತೆಗೆದು, ಅಂಟಿದ್ದ ನುಚ್ಚನ್ನು ಸೆರಗಿನಿಂದ ಒರೆಸಿ ಮಾವನ ಕೈಗೆ ಕೊಟ್ಟಳು.

ಹೊಳೆಹೊನ್ನೂರಿನಲ್ಲಿ ಮರಳು ತುಂಬುವ ಟ್ರ್ಯಾಕ್ಟರುಗಳು ಇಳಿಯುವ ದಾರಿಯ ತುದಿಯಲ್ಲಿ ಮಾವ ಬ್ರೇಕು ಹಾಕಿದ. "ಭಾವ, ಇಲ್ಲೇ ನಿಲ್ಲಿಸ್ಲಾ? ಇಲ್ಲಿಂದಾನೂ ಚೆನ್ನಾಗಿ ಕಾಣುತ್ತೆ."

"ಇನ್ನೂ ಎಷ್ಟು ದಿಬ್ಬ ತೋರಿಸ್ತೀಯೋ ಮಾರಾಯ?" ಎಂದರು ಅಪ್ಪ. "ಇಳಿಸು."

ಇಳಿಸಿದ. ಗಟ್ಟಿ ಮರಳಿನ ಮೇಲೆ, ನೀರಿಗೆ ನಾಲ್ಕು ಮಾರು ದೂರದಲ್ಲಿ, ಪೂರಾ ಸಮತಟ್ಟಿನಲ್ಲಿ ವ್ಯಾನು ನಿಂತಿತು. ಕಲ್ಲು ಕೊಡುವುದೂ ಬೇಕಿರಲಿಲ್ಲ. ಬಾಗಿಲು ತೆರೆಯುತ್ತಲೇ ಅಪ್ಪ ನೀರಿನ ಕಡೆ ಕೈ ಚಾಚಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಂದು ಸಲ ತಿರುಗಿ ನೋಡಿ ಮತ್ತೆ ಕಲ್ಲಿಗೆ ಬಟ್ಟೆ ಬಡಿಯತೊಡಗಿದರು. ಅಮ್ಮ ಚೊಂಬಿನಲ್ಲಿ ನೀರು ತಂದು, ಮಂಚದಾಚೆ ಇಳಿಬಿಟ್ಟಿದ್ದ ಅಪ್ಪನ ಕೈಮೇಲೆ ಹುಯ್ದಳು. ಸಾಕು ಎನ್ನಲಿಲ್ಲ ಅವರು. ಅಮ್ಮ ಮತ್ತೆ ಮತ್ತೆ ಹೊಳೆಗೆ ಹೋಗಿ ಬಂದಳು. ಮೊಸರನ್ನ ಕಲಸಿ ಕೊಟ್ಟರೆ ತಿಂದರು. ಇನ್ನಷ್ಟು ಕೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಮಾವ ಕೀಲಿ ತಿರುಗಿಸಿದ. ಎಂಜಿನ್ ಒಂದು ಸಲ ನರಳಿತು. ಇನ್ನೊಂದು ಸಲ ತಿರುಗಿಸಿದಾಗ ಟಕ್ ಎಂದಿತು, ಅಷ್ಟೇ. ಮಾವ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ನನ್ನ ಕಡೆ ತಿರುಗಿ ಬೈದಿದ್ದರೂ ಆಗುತ್ತಿತ್ತು, ಬೈಯಲಿಲ್ಲ. ಮುಂದೆ ನೀರು, ಹಿಂದೆ ದಿಬ್ಬ. ನಾವು ಮೂವರು ತಳ್ಳಿದರೆ ಮರಳಿನಲ್ಲಿ ಅದು ಒಂದಡಿ ಅಲುಗುವ ಗಾಡಿಯಲ್ಲ.

ಅಮ್ಮ ಮಾತ್ರ ಮೊದಲು ಮಾಡಿದ್ದು ಅಪ್ಪನ ಸೊಂಟದ ಕೆಳಗೆ ಕೈ ತೂರಿಸಿದ್ದು. ಕೈಯನ್ನು ಹಾಗೇ ಇಟ್ಟುಕೊಂಡಳು. ಹಾಸಿಗೆ ತುಂಬಿತ್ತು. ಒಂದು ಕೊಳವೆ ಇಳಿಯುತ್ತಾ ಇನ್ನೊಂದು ಏರುತ್ತಾ ಅವಳ ಕೈಯನ್ನು ಮೆಲ್ಲಗೆ ಎತ್ತುತ್ತಿದ್ದುದು ನನಗೂ ಕಾಣುತ್ತಿತ್ತು. ಪಂಪಿನ ಸದ್ದು ಆ ಹೊತ್ತಿನಲ್ಲಿ ಹೊಳೆಯ ಸದ್ದಿಗಿಂತ ದೊಡ್ಡದಾಗಿ ಕೇಳುತ್ತಿತ್ತು.

"ಏನಂತೆ?" ಎಂದರು ಅಪ್ಪ.

"ಸ್ಟಾರ್ಟ್ ಆಗ್ತಿಲ್ಲ" ಎಂದಳು ಅಮ್ಮ. ಮತ್ತೆ, ಅವಳು ಹೇಳುತ್ತಾಳೆಂದು ನಾನು ಎಂದೂ ಅಂದುಕೊಂಡಿರದ ಮಾತು ಹೇಳಿದಳು: "ಆಗದಿದ್ರೆ ಬಿಡಲಿ. ಇನ್ನೂ ಸ್ವಲ್ಪ ಹೊತ್ತು ಕೂರೋಣ."

ಅಪ್ಪ ಮಾವನ ಕಡೆ ಕತ್ತು ತಿರುಗಿಸಿದರು. "ಯಾಕೋ, ಇಳಿಜಾರು ಸಿಗ್ಲಿಲ್ವಾ?" ಎಂದು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು.

ಮಾವ ದಿಬ್ಬ ಹತ್ತಿ ಹೋಗಿ, ಕೊನೆಯ ಲೋಡು ಇಳಿಸಿ ಬಂದ ಒಬ್ಬ ಟ್ರ್ಯಾಕ್ಟರಿನವನನ್ನು ಕರೆತಂದ. ಅವನು ಬರುವಷ್ಟರಲ್ಲಿ ಹೊಳೆಯ ಬಣ್ಣ ಮೂರು ಸಲ ಬದಲಾಗಿತ್ತು. ಅಪ್ಪ ಅದನ್ನೆಲ್ಲ ನೋಡಿದರು. ಟ್ರ್ಯಾಕ್ಟರಿನವನು ಹಗ್ಗ ಕಟ್ಟುತ್ತಾ ಒಳಗೆ ಇಣುಕಿ, "ಏನ್ ಯಜಮಾನ್ರೆ, ಎದ್ದು ಒಂದ್ ಕೈ ತಳ್ಳಬಾರ್ದಾ?" ಎಂದವನು, ವಿಷಯ ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. "ಡ್ರೈವರ್ ಕಣಯ್ಯಾ ನಾನು. ತಳ್ಳೋದು ಪ್ಯಾಸೆಂಜರ್ ಕೆಲ್ಸ" ಎಂದರು ಅಪ್ಪ. ದಿಬ್ಬದ ಅರ್ಧದಲ್ಲಿ ಎಂಜಿನ್ ಹೊತ್ತಿಕೊಂಡಿತು. "ಛೆ" ಎಂದರು ಅಪ್ಪ.

ಮಳೆ ಶುರುವಾಗುವ ಮೊದಲು ಇನ್ನೂ ಮೂರು ಸಲ ಅದೇ ಜಾಗಕ್ಕೆ ಹೋದೆವು, ಟ್ರ್ಯಾಕ್ಟರಿನವನಿಗೆ ಮೊದಲೇ ಹೇಳಿಟ್ಟು. ಎಂಜಿನ್ನಿಗೆ ಹೊಸ ಬ್ಯಾಟರಿ ಕೊಳ್ಳಲೇ ಇಲ್ಲ. ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಹಿಡಿಯಿತು. ಮೂತ್ರದ ಸೋಂಕು ಕಿಡ್ನಿಗೆ ಹೋಗಿದೆ ಎಂದರು ಡಾಕ್ಟರು. ಆ ಜ್ವರ ಬಿಡಲಿಲ್ಲ.

ಕೊನೆಯ ಸ್ನಾನಕ್ಕೆ ಮಾವ ಅಪ್ಪನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಿದ್ದ. ಅಮ್ಮ ನೀರು ಹುಯ್ಯುವುದನ್ನು ನಿಲ್ಲಿಸಿ, ಅವರ ಬೆನ್ನನ್ನು ಮೇಲಿನಿಂದ ಸೊಂಟದವರೆಗೆ ಅಂಗೈಯಿಂದ ಸವರಿ ನೋಡಿದಳು. ಎಲ್ಲೂ ಒಂದು ಕೆಂಪು ಗುರುತೂ ಇರಲಿಲ್ಲ.