ಹೊರಗಿನ ಚಿಲಕ ಕಿತ್ತ ಬಡಗಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಲಸ ಕೊಡಿಸುವ ಏಜೆನ್ಸಿಯೊಂದರ ಹಿಂದಿನ ಕೋಣೆಯ ಮುಂದೆ ಬಡಗಿ ಮಂಡಿಯೂರಿ ಕೂತಿದ್ದಾರೆ. ಬಾಗಿಲ ಹೊರಮೈಗೆ ಜಡಿದ ಚಿಲಕದ ತಿರುಪುಗಳನ್ನು ಬಿಚ್ಚಿ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಕಾರ್ಮಿಕ ಇಲಾಖೆಯ ಜವಾನ ಆಕಳಿಸುತ್ತ ನಿಂತಿದ್ದಾನೆ. ಒಳಗೆ, ಮನೆಗೆಲಸಕ್ಕೆ ಕಳಿಸಲೆಂದು ಕರೆತಂದ ಹೆಂಗಸರು ಚಾಪೆಗಳ ಮೇಲೆ ಎದ್ದು ಕೂತು ನೋಡುತ್ತಿದ್ದಾರೆ. ಚಿಲಕವನ್ನು ಒಳಗಡೆ ಹಾಕಬೇಕೆಂದು ಸರ್ಕಾರದ ಆದೇಶ ಬಂದಿದೆ.

ಸಾಲುಸಾಲು ಏಜೆನ್ಸಿಗಳಿರುವ ಈ ಬೀದಿಗೆಲ್ಲ ಅವರು ಚಿಲಕದಣ್ಣ. ನಿಯಮ ಹೇಗಿದೆಯೆಂದರೆ, ಅಧಿಕಾರಿಗಳು ತಪಾಸಣೆಗೆ ಬರುವ ಮುಂಚೆ ಏಜೆನ್ಸಿಗೆ ನೋಟಿಸ್ ಕೊಡಲೇಬೇಕು. ಕಳ್ಳನಿಗೆ ಫೋನ್ ಮಾಡಿ ಹೇಳಿ ಪೊಲೀಸರು ಬಂದ ಹಾಗೆ! ನೋಟಿಸ್ ಕೈಸೇರಿದ್ದೇ ತಡ, ಚಿಲಕದಣ್ಣನಿಗೆ ಕರೆ ಹೋಗುತ್ತಿತ್ತು. ಹೊರಗಿದ್ದ ಚಿಲಕವನ್ನು ಅವರು ಒಳಗೆ ಜಡಿದು, ಉಳಿದ ತೂತುಗಳಿಗೆ ಮರದ ಪುಡಿ ಮತ್ತು ಅಂಟು ತುಂಬಿ, ಉಜ್ಜಿ ಬಣ್ಣ ಬಳಿಯುತ್ತಿದ್ದರು. ತಪಾಸಣೆ ಮುಗಿದ ಮೇಲೆ ಚಿಲಕ ಮತ್ತೆ ಹೊರಗೆ.

"ನನ್ನ ಕೈಕೆಲಸ ಯಾರ ಕಣ್ಣಿಗೂ ಬೀಳಲ್ಲ ಅಂತ ಬೀಗ್ತಿದ್ದೆ. ಒಳಗಿರೋರ ಯೋಚನೆ ತಲೆಗೇ ಬರ್ಲಿಲ್ಲ, ಥೂ," ಎನ್ನುತ್ತಾರೆ.

ಇನ್ನೊಂದು ಏಜೆನ್ಸಿಯ ಮನೆಯಲ್ಲಿ ಹಾಗೆ ಚಿಲಕವನ್ನು ಹೊರಗೆ ಜಡಿಯುವಾಗ ಒಬ್ಬ ಹೆಂಗಸು ಹತ್ತಿರ ಬಂದು, "ಅಣ್ಣಾ, ಒಳಗೇ ಇರ್ಲಿ ಬಿಡಣ್ಣ" ಎಂದಿದ್ದಳು. "ಓನರ್‌ನ ಕೇಳಮ್ಮ, ನಂದೇನಿದೆ" ಎಂದು ನಕ್ಕು ಎದ್ದು ಬಂದಿದ್ದರು. ಅದೇ ವಾರ ಅಲ್ಲಿ ಕರೆಂಟಿನ ವೈರ್‌ಗೆ ಬೆಂಕಿ ಹತ್ತಿತು. ಚಿಲಕಕ್ಕೆ ಬೀಗ ಬಿದ್ದಿತ್ತು, ಕೀಲಿ ಹಿಡಿದು ತೆಗೆಯಲು ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕಪಕ್ಕದವರು ಓಡಿಬಂದು ಬಾಗಿಲು ಒಡೆದು ಉಳಿದವರನ್ನು ಹೊರಗೆಳೆದುಕೊಂಡರು. ಅವಳು ಹೊಗೆಯಲ್ಲೇ ಸತ್ತುಹೋಗಿದ್ದಳು.

"ಭದ್ರವಾಗಿ ಕೂರ್ಸಿದ್ದೆ ನೋಡಿ. ಒದ್ದರೂ ಬರ್ಲಿಲ್ವಂತೆ." ಇಷ್ಟು ಹೇಳಿ ಚಿಲಕದಣ್ಣ ಮುಖ ತಿರುಗಿಸುತ್ತಾರೆ.

ಏಜೆನ್ಸಿಗಳ ಕಾನೂನು ತಿದ್ದಲು ಸರ್ಕಾರ ಸಮಿತಿ ಮಾಡಿದಾಗ ಯಾರೂ ಕರೆಯದಿದ್ದರೂ ಅವರು ಹೋದರು. ಹೊರಗೆ ಚಿಲಕವೇ ಇಲ್ಲವೆಂದು ಮಾಲೀಕರ ಸಂಘ ವಾದಿಸುತ್ತಿತ್ತು. ಚಿಲಕದಣ್ಣ ಸಮಿತಿಯವರನ್ನು, ತಪಾಸಣೆಗೆಂದು ಚಿಲಕ ಒಳಗಾಗಿದ್ದ ಇದೇ ಬಾಗಿಲಿಗೆ ಕರೆತಂದು, ಹೊರಮೈಯಲ್ಲಿ ನುಣ್ಣಗಿದ್ದ ಜಾಗಕ್ಕೆ ದಬ್ಬಣ ಚುಚ್ಚಿ, ತಾವೇ ತುಂಬಿದ್ದ ಪುಡಿಯನ್ನು ಉದುರಿಸಿ ತೋರಿಸಿದರು. ಸಮಿತಿಯವರು ಅತ್ತ ಹೋದೊಡನೆ ಮಾಲೀಕ ಬೇರೆ ಬಡಗಿಯಿಂದ ಚಿಲಕವನ್ನು ಮತ್ತೆ ಹೊರಗೆ ಹಾಕಿಸಿದ. ಅದಕ್ಕೇ ಈ ಆದೇಶ. ಅದೂ ಈ ಮನೆಗೆ ಮಾತ್ರ. ನೋಟಿಸ್ ಇಲ್ಲದೆ ತಪಾಸಣೆ, ಹೊರಗೆ ಚಿಲಕ ಕಂಡರೆ ಪರವಾನಗಿ ರದ್ದು ಎನ್ನುವ ಹೊಸ ನಿಯಮಕ್ಕೆ ಸಂಘ ಅಡ್ಡಗಾಲು ಹಾಕಿ ಕೂತಿದೆ. ಬೀದಿಯ ಉಳಿದ ಕೋಣೆಗಳಿಗೆ ಇವತ್ತೂ ಹೊರಗಿನಿಂದಲೇ ಚಿಲಕ.

ಚಿಲಕದಣ್ಣನನ್ನು ಏಜೆನ್ಸಿಯವರು ಈಗ ಕೆಲಸಕ್ಕೆ ಕರೆಯುವುದಿಲ್ಲ. "ಇಷ್ಟು ದಿನ ಬಾಯಿಗೆ ಬೀಗ, ಈಗ ಬಾಯಿ ಬಿಟ್ರು, ಒಲೆ ಆರ್ತು," ಎಂದು ಹೆಂಡತಿ ರೇಗುತ್ತಾರೆ. ಮರುಗಳಿಗೆಗೆ, "ಹೋಗ್ಲಿ ಬಿಡಿ. ನಿದ್ದೇಲಿ ಇವ್ರು ಬೆಚ್ಚಿಬೀಳೋದಾದ್ರೂ ಕಮ್ಮಿಯಾಗಿದೆ" ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ.

ಚಿಲಕ ಒಳಗೆ ಕೂತಿತು, ಕೆಲಸ ಮುಗಿಯಿತು. ಹೊರಗಿನ ತೂತುಗಳನ್ನು ಅವರು ಮುಚ್ಚುವುದಿಲ್ಲ. "ಕಾಣ್ಲಿ. ಎಲ್ಲಾ ಬಾಗಿಲಲ್ಲೂ ಹೀಗೇ ಕಾಣೋ ಹಾಗಾದ್ರೆ ಸಾಕು, ಇನ್ನೇನೂ ಬೇಡ ನಂಗೆ." ಹೊರಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಯಾರೋ ಚಿಲಕ ಹಾಕಿಕೊಂಡ ಸದ್ದು. ಗಟ್ಟಿಯಾಗಿ ಕೂತಿದೆಯೇ ಎಂದು ಅಂಗೈಯಲ್ಲಿ ದಬ್ಬಿ ನೋಡುತ್ತಾರೆ.

"ಯಾರದು?" ಎಂದು ಒಳಗಿನಿಂದ ಗದರಿದ ದನಿ.

"ನಾನೇ ತಾಯಿ, ಬಡಗಿ. ನಿಂಗೆ ಬೇಕಾದಾಗ ತೆಗಿ."