ಬಂಗುಡೆಗೆ ಬೂತಾಯಿ ಎಂದ ಬೆಳಗು

ಅಕ್ಕ ಕಾಪುವಿನ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಮೀನು ಮಾರಿದವಳು. ಕಾರ್ಕಳದ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ಭಾನುವಾರಗಳಲ್ಲಿ ಹೋಗಿ ಅವಳನ್ನು ನೋಡಿ, ಮೀನು ತರುತ್ತಿದ್ದೆ. ಆ ವರ್ಷ ಅವಳು ತುಂಬಾ ಇಳಿದುಹೋಗಿದ್ದಳು. "ಸಪೂರ ಆಗಿ ಚಂದ ಕಾಣ್ತಿ ಅಕ್ಕ" ಎಂದು ಹೊಗಳಿದವಳು ನಾನೇ. ಎಡಗಾಲಿನ ಮೀನಖಂಡ ಬಾತು ನೋಯುತ್ತದೆ ಎಂದಾಗ, ದಿನವಿಡೀ ಕಾಲು ಮಡಚಿ ಕೂತರೆ ಇನ್ನೇನಾಗುತ್ತದೆ ಎಂದು ಗದರಿ, ನೋವಿನೆಣ್ಣೆ ಕೊಟ್ಟು ಬಂದಿದ್ದೆ.

ಒಂದು ಭಾನುವಾರ ಅವಳು ಗಿರಾಕಿಯೊಬ್ಬರಿಗೆ ಬಂಗುಡೆ ತೋರಿಸಿ "ಬೂತಾಯಿ" ಎಂದಳು. ಅದು ಬೇರೆಯೇ ಮೀನು ಎಂದು ನಾನು ತಿದ್ದಿದರೂ ಮತ್ತೆ ಅದನ್ನೇ ಹೇಳಿದಳು. ಪಕ್ಕದ ಹೆಂಗಸರು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ, ಕೈಯಲ್ಲಿದ್ದ ಮೀನನ್ನೇ ನೋಡುತ್ತ ಕುಳಿತಳು. ನಿದ್ದೆ ಸಾಲದು, ಇವತ್ತು ಬೇಗ ಮನೆಗೆ ಹೋಗು ಎಂದು ಹೇಳಿ ನಾನು ಬಸ್ಸು ಹತ್ತಿದೆ. ನಿಟ್ಟೆ ದಾಟುವಾಗ ಫೋನು ಬಂತು. ಅಕ್ಕನ ಬಲಗೈ ಬಿದ್ದುಹೋಗಿದೆ, ಮಾತು ನಿಂತಿದೆ, ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೇವೆ ಎಂದರು ಆ ಹೆಂಗಸರು.

ಅವಳ ಮೆದುಳಿನ ಎರಡೂ ಕಡೆ ಸಣ್ಣ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಮುಚ್ಚಿಹೋಗಿದ್ದವು. ಬಿಪಿ ಇಲ್ಲ, ಶುಗರ್ ಇಲ್ಲ, ಹೃದಯವೂ ಸರಿಯಿತ್ತು. ಆಸ್ಪತ್ರೆಯ ವೈದ್ಯೆಗೆ ಅನುಮಾನ ಬಂದದ್ದು ಅದರಿಂದಲೇ. ತೂಕ ಇಳಿದಿತ್ತೇ, ಕಾಲು ಬಾತಿತ್ತೇ ಎಂದು ಕೇಳಿದರು. ಎರಡಕ್ಕೂ ಹೌದು ಎಂದೆ. ಮೂರನೆಯ ದಿನ ಹೊಟ್ಟೆಯ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಂಡಿತು.

"ಈ ಕಾಯಿಲೆಯಲ್ಲಿ ಕೆಲವರ ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಕಾಲಿನಲ್ಲಿ ಆದದ್ದೂ ಅದೇ, ತಲೆಯಲ್ಲಿ ಆದದ್ದೂ ಅದೇ" ಎಂದರು ವೈದ್ಯೆ.

ಮೀನಿನ ಹೆಸರು ತಪ್ಪಿದಾಗಲೇ ನಾನು ಮಾರ್ಕೆಟ್ಟಿನಿಂದ ನೇರ ಇಲ್ಲಿಗೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಹೇಳಿದರು, "ಕಾಯಿಲೆ ಹೋಗುತ್ತಿರಲಿಲ್ಲ. ಕೈ ಉಳಿಯುತ್ತಿತ್ತೋ ಏನೋ."

ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಇಂಜೆಕ್ಷನ್ ಕೊಡಲು ಕಲಿತೆ. ಅವಳ ಮಾತು ಅಷ್ಟಿಷ್ಟು ಮರಳಿತು, ಬಲಗೈ ಮರಳಲಿಲ್ಲ. ಒಂದು ಮಧ್ಯಾಹ್ನ ಗಂಜಿ ಉಣಿಸುತ್ತ, ಅವತ್ತು ನಾನು ನಗಬಾರದಿತ್ತು ಎಂದೆ. ಅವಳು ಪದ ಹುಡುಕಿ ಹುಡುಕಿ, "ಎಂತ... ನಗು?" ಎಂದಳು. ಆ ಬೆಳಗು ಅವಳಿಗೆ ನೆನಪೇ ಇರಲಿಲ್ಲ.

ನಾಲ್ಕು ತಿಂಗಳಿಗೆ ಮತ್ತೊಮ್ಮೆ ಸ್ಟ್ರೋಕ್ ಆಗಿ ಹೋಗಿಬಿಟ್ಟಳು. ಅದರ ಹಿಂದಿನ ವಾರವೂ ಬಟ್ಟಲಿನ ಕಡೆಗೆ ಎಡಗೈ ಚಾಚಿ, ನಾಚಿ ಹಿಂತೆಗೆದುಕೊಳ್ಳುತ್ತಿದ್ದಳು. ಎಡಗೈಯಲ್ಲೇ ಉಣ್ಣು, ಅಡ್ಡಿಯಿಲ್ಲ ಎಂದು ನಾನು ಹೇಳಬಹುದಿತ್ತು. ಉಣಿಸುವುದರಿಂದ ನನ್ನ ತಪ್ಪು ಸ್ವಲ್ಪವಾದರೂ ಕಳೆಯುತ್ತದೆಂದುಕೊಂಡು ಹೇಳಲಿಲ್ಲ.